ಮಕ್ತಲ್‌ನಲ್ಲಿ ಕೊಂಡ ದೀಪದೆಣ್ಣೆ

ಎಣ್ಣೆ ಸುರಿದದ್ದು ನಾನು. ಮೊದಲು ಅದನ್ನು ಬರೆದುಬಿಡುತ್ತೇನೆ. ಮುಂದೆ ಹೇಳುವುದರಲ್ಲಿ ಯಾರು ಎಲ್ಲಿ ನಿಂತಿದ್ದರು, ಯಾರು ಮೊದಲು ಮಾತಾಡಿದರು ಎಂಬಲ್ಲಿ ಒಂದಿಷ್ಟು ಹೆಚ್ಚುಕಡಿಮೆ ಇದ್ದೀತು. ಈ ಮಾತಿನಲ್ಲಿ ಇಲ್ಲ.

ನಾರಾಯಣಪೇಟೆಯಲ್ಲಿ ನನ್ನ ಕಸುಬು ದಸ್ತಾವೇಜು ಬರೆಯುವುದು. ಹೊಲ ಯಾರದು, ಪೂರ್ವಕ್ಕೆ ಯಾರ ಬದು, ಪಶ್ಚಿಮಕ್ಕೆ ಯಾರ ಬಾವಿ, ಇದನ್ನೆಲ್ಲ ತಪ್ಪಿಲ್ಲದೆ ಬರೆದುಕೊಡಬೇಕು. ಕನ್ನಡ, ತೆಲುಗು ಎರಡೂ ಓದುತ್ತೇನೆ. ಹಳೆಯ ಕಾಗದಗಳ ಉರ್ದುವನ್ನೂ ಅಕ್ಷರ ಕೂಡಿಸಿ ಓದಬಲ್ಲೆ. ಸಣ್ಣಕ್ಷರ ಓದುವುದೇ ನನ್ನ ಹೊಟ್ಟೆಪಾಡು.

ಅಕ್ಕನ ಗಂಡನನ್ನು ನಾನು ಮಾಮ ಎಂದು ಕರೆಯುತ್ತೇನೆ. ಅವರು ನನ್ನನ್ನು ಮುನ್ಷಿ ಎಂದು ಛೇಡಿಸುತ್ತಾರೆ. ಹುಡುಗನಾಗಿದ್ದಾಗ ನಮ್ಮಪ್ಪನ ಲಾರಿಗೆ ಕ್ಲೀನರ್ ಆಗಿ ಬಂದವರು. ಅಪ್ಪನ ಕೈಯಲ್ಲೇ ಗಾಡಿ ಕಲಿತು, ಅಪ್ಪನ ಮಗಳನ್ನೇ ಮದುವೆಯಾಗಿ, ಅಪ್ಪ ತೀರಿಕೊಂಡ ಮೇಲೆ ಅದೇ ಲಾರಿಯನ್ನು ಓಡಿಸಿಕೊಂಡಿದ್ದರು. ಮುಂದೆ ಮೂತಿ ಚಾಚಿದ, ಇಂಜಿನ್ನಿಗೆ ಎರಡೂ ಕಡೆ ರೆಕ್ಕೆಯಂಥ ಮುಚ್ಚಳವಿದ್ದ ಹಳೆಯ ಕಾಲದ ಗಾಡಿ. ನನಗಿಂತ ಎರಡೇ ವರ್ಷ ಚಿಕ್ಕದು. ಒಂದು ಕಾಲಕ್ಕೆ ತಾಂಡೂರಿನಿಂದ ಹಾಸುಗಲ್ಲು ಹೊರುತ್ತಿತ್ತು. ಆಮೇಲೆ ಇಟ್ಟಿಗೆ. ಈಚಿನ ವರ್ಷಗಳಲ್ಲಿ ಜೋಳದ ಕಣಿಕೆ, ಹುಲ್ಲು, ಯಾರದಾದರೂ ಮನೆ ಸಾಮಾನು.

ಮಾಮನಿಗೆ ಅರವತ್ತಮೂರು. ಅವರ ಬಾಯಲ್ಲಿ ಯಾವಾಗಲೂ ಒಂದು ಮಾತು ಇರುತ್ತಿತ್ತು: "ನನ್ನ ಗಾಲಿಗೆ ಇವತ್ತಿನ ತನಕ ಒಂದು ಕೋಳಿ ಸಿಕ್ಕಿಲ್ಲ." ನಾರಾಯಣಪೇಟೆಯ ಲಾರಿ ಅಡ್ಡಾದಲ್ಲಿ ಇದನ್ನು ಯಾರೂ ಜಂಬ ಅನ್ನುತ್ತಿರಲಿಲ್ಲ. ಹೊಸದಾಗಿ ಗಾಡಿ ಹಿಡಿದವರನ್ನು, "ಹೋಗ್ ಲೇ, ಅವರ ಬಾಜೂಕ ನಾಕ್ ದಿನ ಕುಂದ್ರು, ಕಾಲು ಹೆಂಗ್ ಇಡ್ತಾರ ನೋಡು" ಎಂದು ಕಳಿಸುತ್ತಿದ್ದರು. ನಾನೇ ಕೇಳಿದ್ದೇನೆ.

ಆ ಗಾಡಿಯ ಬ್ರೇಕು ಕೆಟ್ಟಿತ್ತು. ಪೆಡಲ್ ತುಳಿದಾಗ ಎಣ್ಣೆಯನ್ನು ಗಾಲಿಗಳ ಕಡೆಗೆ ದಬ್ಬುವ ಒಂದು ಕಬ್ಬಿಣದ ಕೊಳವೆ ಇರುತ್ತದೆ. ಮಾಸ್ಟರ್ ಸಿಲಿಂಡರ್ ಅನ್ನುತ್ತಾರೆ. ನಮ್ಮದರ ಒಳಮೈ ಸವೆದು ಸಿಡುಬಿನ ಮುಖದಂತಾಗಿತ್ತು. ಎಣ್ಣೆ ಜಿನುಗುತ್ತಿತ್ತು. ಎರಡು ಸಲ ಲೇತ್ ಮೇಲೆ ಹಾಕಿ ತಿದ್ದಿಸಿದ್ದಾಗಿತ್ತು. ಮೂರನೆಯ ಸಲಕ್ಕೆ ಲೇತಿನವನು ಕೈ ಮುಗಿದ: "ಇನ್ನು ಇದರಾಗ ಕಬ್ಬಿಣ ಉಳಿದಿಲ್ರಿ, ತೂತು ಅಷ್ಟs ಉಳಿದೈತಿ." ಈಗಿನ ಗಾಡಿಗಳ ಸಿಲಿಂಡರ್ ಇದಕ್ಕೆ ಕೂಡುವುದಿಲ್ಲ. ಮುಂದಿನ ವಾರ ಸರಕಾರದ ತಪಾಸಣೆ ಇತ್ತು. ಅದರಲ್ಲಿ ಪಾಸಾಗದಿದ್ದರೆ ಗಾಡಿ ರಸ್ತೆ ಬಿಡಬೇಕು. ಗಾಡಿ ಬಿಟ್ಟರೆ ಮಾಮನೂ ಬಿಟ್ಟ ಹಾಗೆಯೇ. ಅರವತ್ತಮೂರರ ಮನುಷ್ಯನ ಕೈಗೆ ಯಾರೂ ಬೇರೆ ಲಾರಿ ಕೊಡುವುದಿಲ್ಲ. ಮಾಮ ಇದನ್ನು ಹೇಳಲಿಲ್ಲ. ಅಕ್ಕ ಹೇಳಿದಳು, ರೊಟ್ಟಿ ಬಡಿಯುತ್ತ, ನನ್ನ ಕಡೆ ನೋಡದೆ.

ಗದ್ವಾಲ್‌ನ ಗುಜರಿ ಅಂಗಡಿಯ ಮುದುಕ ಸಾಹೇಬರೊಬ್ಬರು ಮಾಮನಿಗೆ ಹಳೆಯ ಪರಿಚಯ. ಆ ದಿನ ಬೆಳಿಗ್ಗೆ ಅವರು ಮಾಮನ ಫೋನಿಗೆ ಒಂದು ಚಿತ್ರ ಕಳಿಸಿದರು. ನಮ್ಮದರಂಥದೇ ಮೂತಿ ಲಾರಿ, ಗಾಲಿ ಇಲ್ಲದೆ ಕಲ್ಲುಗಳ ಮೇಲೆ ಕೂತಿತ್ತು. ಮಾಮ ಕೂಡಲೇ ಫೋನ್ ಮಾಡಿದರು. ಆ ಕಡೆಯ ದನಿ ನನಗೂ ಕೇಳುತ್ತಿತ್ತು.

"ಬೇಗ ಬರ್ರಿ ಭಾಯ್. ಎರಡು ಗಂಟೆಗೆ ಗ್ಯಾಸ್ ಕಟ್ಟರ್‌ನವನು ಬರ್ತಾನ. ಕೊಯ್ಯಾಕ ಶುರು ಮಾಡಿದ್ರ ಅವನು ಮಾಸ್ಟರ್ ಗೀಸ್ಟರ್ ಏನೂ ನೋಡಂಗಿಲ್ಲ."

"ಬಿಚ್ಚಿ ಇಡ್ರಲ್ಲ ಸಾಹೇಬ್ರ?"

"ಜಂಗ್ ಹಿಡಿದೈತ್ರಿ. ನನ್ನ ಕೈಲೆ ಆಗಂಗಿಲ್ಲ, ನಿಮ್ಮ ಪಾನಾ ತಗೊಂಡು ಬರ್ರಿ."

ಅಂದು ಅಮಾವಾಸ್ಯೆ. ನಮ್ಮ ಕಡೆ ಅಮಾವಾಸ್ಯೆಗೆ ಕಮ್ಮಾರರು, ಬಡಿಗೇರರು, ಗ್ಯಾರೇಜಿನವರು ಸಲಕರಣೆ ಮುಟ್ಟುವುದಿಲ್ಲ. ಬಾಗಿಲು ಹಾಕಿ, ಪಾನಾ ಸುತ್ತಿಗೆಗಳನ್ನು ಒರಸಿಟ್ಟು, ಕಾಯಿ ಒಡೆದು ಮನೆಯಲ್ಲಿರುತ್ತಾರೆ. ಅಕ್ಕ ಬಾಗಿಲಿಗೆ ಬಂದು ನಿಂತಳು.

"ಅಮಾಸಿ ದಿನ ಗಾಡಿ ತಗೀಬ್ಯಾಡ್ರಿ. ನಾಳೆ ಹೋಗ್ರಿ."

"ನಾಳೆ ಅಂದ್ರ ಅದು ಕೊಯ್ದ ಸೌದಿ ಆಗಿರ್ತೈತಿ. ಅಮಾಸಿ ನಿನ್ನ ತಮ್ಮಗ ಹೇಳು, ಅವನ ಆಫೀಸಿಗೂ ಇವತ್ತು ಸೂಟಿ. ಏನ್ ಮುನ್ಷಿ, ಬರ್ತೀಯಿಲ್ಲ?"

ಆ ದಿನ ಭಾನುವಾರವೂ ಆಗಿತ್ತು. ನನಗೆ ಕೆಲಸವಿರಲಿಲ್ಲ. ಹೋದೆ. ಹಳೆಯದನ್ನು ಅಲ್ಲೇ ಬಿಚ್ಚಿ, ಅಳತೆ ನೋಡಿ, ಹೊಸದನ್ನು ಕೂಡಿಸಿಕೊಂಡು ಬರಬೇಕಾದ್ದರಿಂದ ಲಾರಿಯನ್ನೇ ಒಯ್ಯಬೇಕಿತ್ತು. ಖಾಲಿ ಗಾಡಿ. ಮೂರು ಸಲ ತುಳಿದರೆ ಬ್ರೇಕು ಹಿಡಿಯುತ್ತಿತ್ತು. ಮಾಮ ಮುಂದಿನ ಗಾಡಿಯಿಂದ ಫರ್ಲಾಂಗು ದೂರ ಇರುವಾಗಲೇ ತುಳಿಯಲು ಶುರುಮಾಡುತ್ತಿದ್ದರು. ಗೇರಿನಲ್ಲೇ ವೇಗ ಇಳಿಸುತ್ತಿದ್ದರು. ಅವರ ಪಕ್ಕದಲ್ಲಿ ಕೂತು ನನಗೆ ಹೆದರಿಕೆಯಾಗಲಿಲ್ಲ. ಇದನ್ನೂ ಬರೆಯಬೇಕು.

ಮಕ್ತಲ್ ತಲುಪಿದಾಗ ಹತ್ತು ಗಂಟೆ ಇರಬೇಕು. ಊರ ಹೊರಗೆ ಗಾಡಿ ನಿಲ್ಲಿಸಿ ಮಾಮ ಮೂತಿಯ ಮುಚ್ಚಳ ಎತ್ತಿ ನೋಡಿದರು. ಬ್ರೇಕ್ ಎಣ್ಣೆಯ ಬಟ್ಟಲು ಅರ್ಧಕ್ಕಿಂತ ಕೆಳಗಿಳಿದಿತ್ತು. ಸೀಟಿನ ಕೆಳಗೆ ಇಟ್ಟುಕೊಂಡಿದ್ದ ಎಣ್ಣೆ ಡಬ್ಬಿ ತೆಗೆದರು. ತಳ ತುಕ್ಕು ತಿಂದು ಎಣ್ಣೆಯೆಲ್ಲ ಗೋಣಿಚೀಲಕ್ಕೆ ಇಳಿದಿತ್ತು. ಡಬ್ಬಿಯಲ್ಲಿ ಒಂದು ಗುಟುಕು ಉಳಿದಿತ್ತೋ ಇಲ್ಲವೋ.

ಮಕ್ತಲ್‌ನಲ್ಲಿ ಸಾಮಾನಿನ ಅಂಗಡಿಗಳೆಲ್ಲ ಮುಚ್ಚಿದ್ದವು. ಮಾಮನಿಗೆ ಗೊತ್ತಿದ್ದ ಮೇಸ್ತ್ರಿಯ ಮನೆಗೆ ಹೋದೆವು. ಬಾಗಿಲು ತೆರೆದ. ಹಣೆಗೆ ವಿಭೂತಿ, ಮೈಮೇಲೆ ಒದ್ದೆ ಪಂಚೆ.

"ಎಣ್ಣಿ ಐತೇನಪಾ?"

"ಗ್ಯಾರೇಜಿನಾಗ ಐತಿ. ಇವತ್ತು ಕೀಲಿ ತಗಿಯಂಗಿಲ್ಲ, ತಪ್ಪ ತಿಳ್ಕೋಬ್ಯಾಡ್ರಿ. ಅಪ್ಪನ ಕಾಲದಿಂದ ನಡಕೊಂಡು ಬಂದೈತಿ. ನಾಳೆ ಬೆಳಿಗ್ಗೆ ಆರಕ್ಕ ಬರ್ರಿ, ನಾನs ಹಾಕಿ ಕೊಡ್ತೀನಿ."

ಮಾಮ ಒತ್ತಾಯ ಮಾಡಲಿಲ್ಲ. ಅವರೂ ಆ ನೇಮ ಬಲ್ಲವರೇ. ಪೆಟ್ರೋಲ್ ಬಂಕಿನಲ್ಲಿ ಕೇಳಿದೆವು. ಬ್ರೇಕ್ ಎಣ್ಣೆ ಮುಗಿದಿತ್ತು, ಇಂಜಿನ್ ಎಣ್ಣೆ ಇತ್ತು. ನಾನು, "ಅದನ್ನs ಹಾಕೂಣಲ್ಲ ಮಾಮ" ಅಂದೆ. ಅವರು ನಕ್ಕರು.

"ಅದು ರಬ್ಬರ್ ತಿಂತೈತಿ ಮುನ್ಷಿ. ಒಳಗಿನ ವಾಷರ್ ಉಬ್ಬಿ ಕುಂದ್ರತಾವ. ನಿಮ್ಮಪ್ಪ ಏನ್ ಹಾಕ್ತಿದ್ದ ಮರ್ತಿಯೇನು? ಔಡಲೆಣ್ಣಿ. ಸ್ಪಿರಿಟ್ ಒಂದೀಟು ಕೂಡಸಿ. ಅವಾಗ ಕಂಪನಿ ಎಣ್ಣಿ ಎಲ್ಲಿ ಸಿಗ್ತಿತ್ತು? ನಾರಾಯಣಪೇಟಿ ಗಾಡಿ ಅಷ್ಟೂ ಔಡಲೆಣ್ಣಿ ಮ್ಯಾಲs ನಿಂತಾವ. ಗದ್ವಾಲ್ ತನಕ ಅಷ್ಟs, ಸ್ಪಿರಿಟ್ ಇಲ್ಲಂದ್ರೂ ನಡೀತೈತಿ. ಹೋಗು, ಕಿರಾಣಿ ಅಂಗಡ್ಯಾಗ ಒಂದು ಬಾಟ್ಲಿ ತಾ."

ನಮ್ಮ ಸೀಮೆಯಲ್ಲಿ ಔಡಲ ಬೆಳೆಯದ ಹೊಲ ಕಡಿಮೆ. ಅಪ್ಪನ ಕಾಲಕ್ಕೆ ಗಾಣದಿಂದ ತಂದ ಔಡಲೆಣ್ಣೆ ಮನೆಯಲ್ಲಿ ಮಡಕೆಯಲ್ಲೇ ಇರುತ್ತಿತ್ತು. ತಲೆಗೂ ಅದೇ, ಹೊಟ್ಟೆನೋವಿಗೂ ಅದೇ, ಬ್ರೇಕಿಗೂ ಅದೇ. ಮಾಮ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

ಕಿರಾಣಿ ಅಂಗಡಿಯಲ್ಲಿ ಗಿರಾಕಿಗಳು ಬಹಳ ಇದ್ದರು. ಅಮಾವಾಸ್ಯೆಯ ಪೂಜೆಗೆ ಊದುಬತ್ತಿ, ಕರ್ಪೂರ, ಕಾಯಿ. ನಾನು ಔಡಲೆಣ್ಣೆ ಕೇಳಿದೆ. ಅಂಗಡಿಯಾಕೆ ತಿರುಗಿಯೂ ನೋಡದೆ ಹಿಂದಿನ ಸಾಲಿನಿಂದ ಒಂದು ಪ್ಲಾಸ್ಟಿಕ್ ಬಾಟಲಿ ತೆಗೆದು ಕಟ್ಟೆಯ ಮೇಲಿಟ್ಟಳು.

"ಔಡಲೆಣ್ಣಿನs ಹೌದಲ್ರಿ?"

"ಹೌದಣ್ಣಾ, ಎಲ್ಲಾರೂ ಇದನ್ನs ಒಯ್ತಾರ."

ಬಾಟಲಿಯ ಮೇಲೆ ಔಡಲ ಕಾಯಿಯ ಚಿತ್ರವಿತ್ತು, ಅದರ ಪಕ್ಕದಲ್ಲಿ ಉರಿಯುವ ದೀಪ. ಹೊರಗೆ ಬಂದು ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ನಾನು ಅದನ್ನು ತಿರುಗಿಸಿ ಓದಿದೆ. ಓದುವುದು ನನಗೆ ಚಟ. ಹಿಂಬದಿಯಲ್ಲಿ, ಅಕ್ಕಿಕಾಳಿನ ತುದಿಯಷ್ಟು ಸಣ್ಣ ತೆಲುಗು ಅಕ್ಷರಗಳಲ್ಲಿ, ಇದು ದೀಪಕ್ಕೆ ಮಾತ್ರ, ತಿನ್ನಲು ಅಲ್ಲ, ಬೇರೆ ಎಣ್ಣೆಗಳನ್ನು ಬೆರೆಸಿದೆ ಎಂದಿತ್ತು. ಬೇರೆ ಎಣ್ಣೆ ಯಾವುದು ಎಂದು ಇರಲಿಲ್ಲ.

ನಾನು ಅದನ್ನು ಓದಿದೆ. ಲಾರಿಯ ಹತ್ತಿರ ಬಂದಾಗ ಮಾಮ, "ಔಡಲನs ಹೌದಲ್ಲ?" ಅಂದರು. ನಾನು "ಹೌದು" ಅಂದೆ. ಯಾಕೆ ಹಾಗಂದೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಸುಳ್ಳು ಹೇಳಬೇಕೆಂದು ಹೇಳಲಿಲ್ಲ. ತಿನ್ನುವುದಕ್ಕಲ್ಲವಲ್ಲ, ಗಾಡಿಗಲ್ಲವೇ ಅಂದುಕೊಂಡೆ. ಹೊತ್ತಾಗುತ್ತಿದೆ ಅಂದುಕೊಂಡೆ. ಮಾಮನ ಕೈಗಳಿಗೆ ಗ್ರೀಸು ಮೆತ್ತಿತ್ತು. "ನೀನs ಹಾಕು, ಬಟ್ಟಲ ತುಂಬಾ" ಅಂದರು. ಬಟ್ಟಲಿನ ಮುಚ್ಚಳ ತಿರುಗಿಸಿ ತುಂಬಾ ಸುರಿದೆ. ಒಂದು ಹನಿಯೂ ಹೊರಗೆ ಚೆಲ್ಲಲಿಲ್ಲ. "ಭೇಷ್, ಸಹಿ ಹಾಕೋ ಕೈ" ಎಂದರು ಮಾಮ.

ಅಮರಚಿಂತದ ದಾರಿಯಲ್ಲಿ ರಸ್ತೆ ಪಕ್ಕ ಒಂದು ಗುಜರಿ ರಾಶಿ ಕಂಡಿತು. ಗಂಟೆ ಹನ್ನೊಂದು. ಮಾಮನಿಗೆ ಹಳೆಯ ಕಬ್ಬಿಣ ಕಂಡರೆ ದಾಟಿ ಹೋಗುವುದಾಗುತ್ತಿರಲಿಲ್ಲ. ಗದ್ವಾಲ್‌ನದು ಕೈಕೊಟ್ಟರೆ ಇಲ್ಲೊಂದು ಇರಲಿ ಎಂದು ಇಳಿದರು. ಅಲ್ಲಿ ಕಾವಲಿಗಿದ್ದ ಹೆಂಗಸು ಒಂದು ಮೂಲೆ ತೋರಿಸಿದಳು. ಗೇರ್ ಬಾಕ್ಸಿನ ಹೊಟ್ಟೆಗಳು, ಮುರಿದ ಪಾಟಾ ಸ್ಪ್ರಿಂಗುಗಳು, ಕಣ್ಣು ಕಿತ್ತ ಹೆಡ್‌ಲೈಟುಗಳ ನಡುವೆ ಕುಕ್ಕರಗಾಲಲ್ಲಿ ಕೂತು ಮಾಮ ಒಂದೊಂದನ್ನೂ ಎತ್ತಿ ನೋಡಿದರು. ಸಿಲಿಂಡರ್ ಸಿಕ್ಕಿದರೆ ಮೊದಲು ಅದರ ಬಾಯಿಗೆ ಹೆಬ್ಬೆರಳು ತೂರಿಸುವರು. ಅವರ ಹತ್ತಿರ ಅಳತೆಯ ಸಾಧನವಿರಲಿಲ್ಲ. ಹೆಬ್ಬೆರಳು ಗಿಣ್ಣಿನ ತನಕ ಬಿಗಿಯಾಗಿ ಹೋದರೆ ನಮ್ಮ ಗಾಡಿಯದು. ಒಳಗೆ ಬೆರಳು ತಿರುಗಿಸಿದರೆ ಗುಳಿಗಳು ತಿಳಿಯುತ್ತವೆ. ಕಣ್ಣು ಮುಚ್ಚಿ ತಿರುಗಿಸುತ್ತಿದ್ದರು, ವೈದ್ಯರು ನಾಡಿ ನೋಡುವ ಹಾಗೆ. ಮೂರು ಸಿಕ್ಕವು. ಎರಡು ಸಣ್ಣವು. ಮೂರನೆಯದರಲ್ಲಿ ಬೆರಳು ಸರಿಯಾಗಿ ಹೋಯಿತು.

"ಹೆಂಗೈತಿ ಮಾಮ?"

"ನಮ್ಮದಕಿಂತ ಮುದುಕಿ ಐತಿ" ಎಂದು ಎಸೆದರು.

ಅಲ್ಲಿ ಒಂದು ಗಂಟೆಗಿಂತ ಹೆಚ್ಚು ಹೋಯಿತು. ಬಿಸಿಲು ಮೂತಿಯ ಮೇಲೆ ನೇರ ಬೀಳುತ್ತಿತ್ತು. ಹೊರಟಾಗ ಗಾಡಿ ಸ್ವಲ್ಪ ಭಾರವಾದಂತೆ, ಖಾಲಿ ಇದ್ದರೂ ಏನೋ ಎಳೆಯುತ್ತಿರುವಂತೆ ನನಗೇ ಅನ್ನಿಸಿತು. ಮಾಮ ಒಂದೆರಡು ಸಲ ಕೆಳಗೆ ಕಾಲಿನ ಕಡೆ ನೋಡಿದರು. ಫೋನ್ ತೆಗೆದು ಗಂಟೆ ನೋಡಿದರು.

ಜುರಾಲಾ ಅಣೆಕಟ್ಟಿನ ಮೇಲೆ ಹೋಗುವಾಗ ಸುಟ್ಟ ವಾಸನೆ ಬಂತು. "ಕಸ ಸುಡಾಕತ್ತಾರ ಯಾರೋ" ಎಂದೆ. ಮಾಮ ಹೂಂ ಅಂದರು. ಅಣೆಕಟ್ಟು ದಾಟಿದ ಮೇಲೆ ಧರೂರಿನ ಕಡೆಗೆ ರಸ್ತೆ ಇಳಿಯುತ್ತದೆ. ಬಲಗಡೆ ಕಾಲುವೆ, ಎಡಗಡೆ ಭತ್ತದ ಗದ್ದೆ. ಇಳಿಜಾರಿನ ಕೊನೆಯಲ್ಲಿ ಒಂದು ತಿರುವು. ಆ ತಿರುವಿನಿಂದ ಕುರಿಹಿಂಡು ರಸ್ತೆಗೆ ಬಂತು. ಮುಂದೆ ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಕುರುಬ. ಇದ್ದ ದೂರ ಸಾಕಷ್ಟಿತ್ತು.

ಮಾಮ ತುಳಿದರು. ಪೆಡಲ್ ನೆಲಕ್ಕೆ ಹೋಗಿ ಬಡಿದ ಸದ್ದು ಕೇಳಿದೆ. ಮತ್ತೆ ತುಳಿದರು, ಮತ್ತೆ. ನಾನು ಎಣಿಸಿದ್ದೇನೆ: ಆರು ಸಲ. ಎಡಗೈಯಲ್ಲಿ ಹ್ಯಾಂಡ್‌ಬ್ರೇಕ್ ಎಳೆದರು, ಗೇರನ್ನು ಕೆಳಗೆ ಹಾಕಿದರು, ಇಂಜಿನ್ ಒದರಿತು. ಕುರುಬ ಎರಡೂ ಕೈ ಎತ್ತಿ "ಆಪು! ಆಪು!" ಎಂದು ತೆಲುಗಿನಲ್ಲಿ ನಿಲ್ಲಿಸಲು ಕೂಗುತ್ತಿದ್ದ. ಮಾಮ ನನಗೆ "ಜಿಗಿ" ಅಂದರು. ಒಂದೇ ಸಲ, ಮೆಲ್ಲಗೆ. ನಾನು ಜಿಗಿಯಲಿಲ್ಲ. ಬಾಗಿಲ ಹಿಡಿಕೆಯ ಮೇಲೆ ಕೈ ಇತ್ತು, ತಿರುಗಿಸಲು ಆಗಲಿಲ್ಲ.

ಮಾಮ ಸ್ಟೀರಿಂಗ್ ಬಲಕ್ಕೆ ಎಳೆದರು. ಬಲಕ್ಕೆ ಕಾಲುವೆಯ ತೂಬಿನ ಕಾಂಕ್ರೀಟು ಗೋಡೆ ಇತ್ತು. ಎಡಕ್ಕೆ ಎಳೆದಿದ್ದರೆ ಗದ್ದೆಗಿಂತ ಮೊದಲು ಕುರುಬ ಸಿಗುತ್ತಿದ್ದ. ಗಾಡಿಯ ಬಲಭಾಗ, ಅಂದರೆ ಮಾಮ ಕೂತ ಭಾಗ, ಗೋಡೆಗೆ ಹೊಡೆಯಿತು. ನನಗೆ ಹಣೆ ಒಡೆಯಿತು, ಬೇರೇನೂ ಆಗಲಿಲ್ಲ.

ಆಮೇಲಿನದು ಕ್ರಮವಾಗಿ ನೆನಪಿದೆ. ಮೊದಲು ಸದ್ದೇ ಇರಲಿಲ್ಲ. ಆಮೇಲೆ ಕುರಿಗಳು. ಗಾಡಿಯ ಎಡಗಾಲಿಗಳ ಅಡಿ ಹಲವು ಸಿಕ್ಕಿದ್ದವು. ಮಾಮನ ಬಲಗಾಲು ಪೆಡಲ್ ಮತ್ತು ಒಳಗೆ ನುಗ್ಗಿದ ತಗಡಿನ ನಡುವೆ ಇತ್ತು. ಅವರಿಗೆ ಎಚ್ಚರವಿತ್ತು. "ಕುರುಬಗ ಏನಾತು ನೋಡು" ಅಂದರು. ಕುರುಬನೇ ಬಂದು ಬಾಗಿಲು ಕಿತ್ತ. ಐವತ್ತರ ಆಸುಪಾಸಿನ ಮನುಷ್ಯ. ನನ್ನನ್ನು ಬೈಯಲಿಲ್ಲ, ಮಾಮನನ್ನೂ ಬೈಯಲಿಲ್ಲ. ಪಾಟಾ ಎತ್ತುವ ಸಲಾಕೆ ಎಲ್ಲಿದೆ ಎಂದಷ್ಟೇ ಕೇಳಿದ. ತಗಡು ಮೀಟಿ ಮಾಮನನ್ನು ಎಳೆದು, ಹೆಗಲ ಕಂಬಳಿ ಹಾಸಿ ಮಲಗಿಸಿದ. ಕಾಲಿಗೆ ತನ್ನ ರುಮಾಲು ಬಿಗಿದ.

ಆಂಬುಲೆನ್ಸ್ ಬರುವ ಮೊದಲೇ ಹತ್ತಿರದ ಹಳ್ಳಿಯಿಂದ ಜನ ಬಂದರು. ಓಡಿ ಬಂದವರಲ್ಲಿ ಇಬ್ಬರು ಮೂವರ ಕೈಯಲ್ಲಿ ಬೋಗುಣಿಗಳಿದ್ದವು. ಮೊದಲಿಗೆ ನನಗೆ ಅರ್ಥವಾಗಲಿಲ್ಲ. ನೀರು ತಂದರೇನೋ ಅಂದುಕೊಂಡೆ. ಒಬ್ಬ ಕುರುಬನ ಹತ್ತಿರ ಕೂತು ಮೆಲ್ಲಗೆ ಕೇಳಿದ:

"ಹೆಂಗೂ ಸತ್ತಾವಲ್ಲ ಅಣ್ಣಾ. ಬಿಸಿ ಇದ್ದಾಗನs ಕೊಯ್ಕೊಂಡ್ರ..."

ಕುರುಬ ಅವನ ಕಡೆ ನೋಡಲಿಲ್ಲ. "ಇದರಾಗ ಒಂದು ಬೀರಪ್ಪನ ಹೆಸರಿಗೆ ಬಿಟ್ಟದ್ದೈತಿ. ಯಾವುದು ಅಂತ ಈಗ ಗುರುತು ಹತ್ತವಲ್ದು. ಒಂದನ್ನೂ ಮುಟ್ಟಬ್ಯಾಡ್ರಿ" ಎಂದ. ಕೋಲನ್ನು ಕುರಿಗಳಿಗೂ ಜನಕ್ಕೂ ನಡುವೆ ಅಡ್ಡ ಇಟ್ಟು ಕೂತ. ಬೋಗುಣಿಯವರು ಹೋಗಲೂ ಇಲ್ಲ, ಹತ್ತಿರ ಬರಲೂ ಇಲ್ಲ. ಮಾಮನನ್ನು ಎತ್ತಿ ಆಂಬುಲೆನ್ಸಿನೊಳಗೆ ಇಡುವಾಗಲೂ ಅವರು ಅಲ್ಲೇ ನಿಂತಿದ್ದರು.

ಗದ್ವಾಲ್‌ನಿಂದ ಕರ್ನೂಲಿಗೆ ಕಳಿಸಿದರು. ಮೂರನೆಯ ದಿನ ಮಾಮನ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಪೊಲೀಸರು ನನ್ನ ಬಯಾನ್ ಬರೆದುಕೊಂಡರು. ಬರೆಯುವವನ ಅಕ್ಷರ ಕೆಟ್ಟದಾಗಿತ್ತು, ನಾನೇ ಹೇಳಿ ಬರೆಸಿದೆ. ಇಳಿಜಾರಿನಲ್ಲಿ ಬ್ರೇಕು ಹಿಡಿಯಲಿಲ್ಲ ಎಂದು ಹೇಳಿದೆ. ಎಣ್ಣೆಯ ಮಾತು ಬರಲಿಲ್ಲ. ಯಾರೂ ಕೇಳಲಿಲ್ಲ. ಓದಿ ನೋಡಿ ಸಹಿ ಹಾಕಿದೆ. ಕುರಿಗಳ ಪರಿಹಾರದ ಮಾತನ್ನು ಎರಡೂ ಕಡೆಯ ಹಿರಿಯರು ಕೂತು ಮುಗಿಸಿದರು.

ಹದಿನೈದು ದಿನಕ್ಕೆ ಮಾಮ ಮನೆಗೆ ಬಂದರು. ನೋಡಲು ಅಡ್ಡಾದ ಡ್ರೈವರುಗಳು ಬಂದರು, ಇಬ್ಬಿಬ್ಬರಾಗಿ. ಬಾಳೆಹಣ್ಣು, ಬ್ರೆಡ್ಡು ತಂದು ಮಂಚದ ಕೆಳಗಿಟ್ಟು ಕೂತುಕೊಳ್ಳುವರು. "ಏನಾತ್ರಿ?" ಎಂದು ಕೇಳಿದರೆ ಮಾಮ ಎಲ್ಲರಿಗೂ ಒಂದೇ ಉತ್ತರ ಕೊಟ್ಟರು.

"ಕಾಲು ತಪ್ಪೀತು. ಬ್ರೇಕಿನ ಮ್ಯಾಲ ಸರಿ ಬೀಳಲಿಲ್ಲ."

ನಾನು ಅಲ್ಲೇ ಇರುತ್ತಿದ್ದೆ. ಬ್ರೇಕು ಹೋಯಿತು ಎಂದು ಅವರು ಒಮ್ಮೆಯೂ ಹೇಳಲಿಲ್ಲ. ನೆಲಕ್ಕೆ ಬಡಿದ ಪೆಡಲಿನ ಸದ್ದನ್ನು ನಾನು ಕೇಳಿದ್ದೆ, ಅವರು ಕೇಳಿರಲಿಲ್ಲವೇ? ಅಥವಾ ಅಷ್ಟು ನೋವಿನ ನಂತರ ಅವರ ನೆನಪೇ ಬೇರೆಯಾಯಿತೇ? ಡ್ರೈವರುಗಳು ತಲೆ ತಗ್ಗಿಸುವರು. ಅವರಲ್ಲಿ ಒಬ್ಬ, ಮಾಮನ ಜೊತೆಯವನೇ, ದಪ್ಪ ಮೀಸೆಯವನು, ಎದ್ದು ಹೋಗುವಾಗ ಅಂಗಳದಲ್ಲಿ ಇನ್ನೊಬ್ಬನಿಗೆ ಹೇಳಿದ: "ನಾ ಹೋದ ವರ್ಷನs ಹೇಳಿದ್ದೆ. ವಯಸ್ಸು ಆಗೇತಿ, ಸಾಕು ಮಾಡು ಅಂತ. ಕೇಳಲಿಲ್ಲ ಮಗ." ಮಂಚ ಕಿಟಕಿಯ ಪಕ್ಕದಲ್ಲಿತ್ತು. ಮಾಮನಿಗೆ ಕೇಳಿಸಿತು. ಅವರು ಗೋಡೆಯ ಕಡೆ ಹೊರಳಿದರು. ಅಂದು ಊಟ ಮಾಡಲಿಲ್ಲ.

ಮರುದಿನ ನಾನು ಮಕ್ತಲ್ ಮೇಸ್ತ್ರಿಯನ್ನು ಕರೆದುಕೊಂಡು ಧರೂರಿಗೆ ಹೋದೆ. ಲಾರಿಯನ್ನು ಠಾಣೆಯ ಪಕ್ಕದ ಬಯಲಿಗೆ ಎಳೆದು ನಿಲ್ಲಿಸಿದ್ದರು. ಪೊಲೀಸರ ತಪಾಸಣೆ ಮುಗಿದಿತ್ತು, ಬಿಚ್ಚಲು ಯಾರೂ ಬೇಡವೆನ್ನಲಿಲ್ಲ. ಮೇಸ್ತ್ರಿ ಮಾಸ್ಟರ್ ಸಿಲಿಂಡರ್ ಬಿಚ್ಚಿ ಒಳಗಿನ ರಬ್ಬರ್ ವಾಷರನ್ನು ಕಡ್ಡಿಯಿಂದ ಎಳೆದ. ಅದು ಬರಲಿಲ್ಲ. ಚೂರಿ ಹಾಕಿ ತೆಗೆದ. ನೆನೆಸಿದ ಕಡಲೆಯಂತೆ ಉಬ್ಬಿತ್ತು, ಅಂಚು ಹರಿದಿತ್ತು. ಬಟ್ಟಲಿನಲ್ಲಿ ಉಳಿದಿದ್ದ ಎಣ್ಣೆಯನ್ನು ಬೆರಳಿನಲ್ಲಿ ತಿಕ್ಕಿ, ಮೂಸಿ ನೋಡಿದ.

"ಇದಕ ಏನು ಹಾಕಿದ್ರಿ?"

ಬಾಟಲಿ ನನ್ನ ಚೀಲದಲ್ಲೇ ಇತ್ತು. ಕೊಟ್ಟೆ. ಅವನಿಗೆ ಆ ಅಕ್ಷರ ಕಾಣಲಿಲ್ಲ, ನಾನೇ ಓದಿ ಹೇಳಿದೆ. ಅವನು ಬಾಟಲಿಯ ಮುಚ್ಚಳ ತೆಗೆದು ಅದನ್ನೂ ಮೂಸಿದ.

"ದೀಪಕ ಅಂತ ಈಗ ಎಲ್ಲಾ ಕೂಡಸ್ತಾರ್ರಿ. ಇದರಾಗ ಇಂಜಿನ್ ಎಣ್ಣಿ ಜಾತೀದs ಏನೋ ಐತಿ, ಕಲ್ಲೆಣ್ಣಿ. ವಾಷರ್ ಉಬ್ಬಿದ್ರ ಬ್ರೇಕು ಬಿಡಂಗಿಲ್ಲ, ಹಿಡಕೊಂಡs ಓಡತೈತಿ. ಡ್ರಮ್ಮು ಕಾಯ್ತಾವ, ವಾಸನಿ ಬರ್ತೈತಿ, ಎಣ್ಣಿ ಕುದೀತೈತಿ. ಆಮ್ಯಾಲ ತುಳಿದ್ರ ಏನೂ ಇರಂಗಿಲ್ಲ. ನಿಮ್ಮ ಮಾಮಂದು ಏನೂ ತಪ್ಪಿಲ್ರಿ." ಆಮೇಲೆ ಬೇರೆ ಕಡೆ ನೋಡುತ್ತ ಅಂದ: "ಅವತ್ತು ನಾನು ಕೀಲಿ ತಗದಿದ್ರ ಆಗ್ತಿತ್ತು."

ಹರಿದ ವಾಷರನ್ನು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ.

ಅಲ್ಲಿಂದ ಗದ್ವಾಲ್ ಹತ್ತಿರ. ಒಬ್ಬನೇ ಗುಜರಿ ಅಂಗಡಿಗೆ ಹೋದೆ. ಸಾಹೇಬರು ಎದ್ದು ನಿಂತು ಕೈ ಹಿಡಿದುಕೊಂಡರು. ಸುದ್ದಿ ತಿಳಿದಿತ್ತು. ಅಂದು ನಾಲ್ಕರ ತನಕ ಕಟ್ಟರ್‌ನವನನ್ನು ಕೂರಿಸಿಕೊಂಡಿದ್ದರಂತೆ. ಆಮೇಲೆ ಮೂತಿ ಕೊಯ್ದರು, ಸಿಲಿಂಡರನ್ನು ಮಾತ್ರ ಬಿಡಿಸಿ ಗೋಣಿ ತುಂಡಿನಲ್ಲಿ ಕಟ್ಟಿಟ್ಟಿದ್ದರು. ಬಿಚ್ಚಿ ನನ್ನ ಕೈಗೆ ಕೊಟ್ಟರು. ನಾನು ಹೆಬ್ಬೆರಳು ತೂರಿಸಿದೆ. ಮಾಮನ ಬೆರಳಿಗಿಂತ ನನ್ನದು ಸಣ್ಣದು. ಆದರೂ ತಿರುಗಿಸಿದಾಗ ತಿಳಿಯಿತು. ಒಳಗೆಲ್ಲ ಗುಳಿಗಳು. ಒಂದು ಕಡೆ ಕೂದಲೆಳೆಯಂಥ ಬಿರುಕು. ಅದು ನಮ್ಮ ಗಾಡಿಗೆ ಒಂದು ದಿನವೂ ಬರುತ್ತಿರಲಿಲ್ಲ. ಇದನ್ನು ಮಾಮನಿಗೆ ಹೇಳಿಲ್ಲ. ಅವರು ಕೇಳಿಲ್ಲ.

ಎಣ್ಣೆಯ ಮಾತನ್ನು ಮಾತ್ರ ಅಂದು ಸಂಜೆಯೇ ಹೇಳಿದೆ. ಅಕ್ಕ ಮಂಚದ ಕಾಲ ಬಳಿ ಕೂತಿದ್ದಳು. ಬಾಟಲಿಯನ್ನು, ಹರಿದ ವಾಷರನ್ನು ಹಾಸಿಗೆಯ ಮೇಲಿಟ್ಟೆ. ಅಕ್ಷರ ಓದಿ ತೋರಿಸಿದೆ. ಅದನ್ನು ಮಕ್ತಲ್‌ನಲ್ಲೇ ಓದಿದ್ದೆ, ಓದಿಯೂ ಹೇಳಲಿಲ್ಲ ಎಂದೂ ಹೇಳಿದೆ. ಅಕ್ಕ ಎದ್ದು ಒಳಗೆ ಹೋದಳು.

ಮಾಮ ವಾಷರನ್ನು ಎರಡು ಬೆರಳ ನಡುವೆ ಒತ್ತಿ ಒತ್ತಿ ನೋಡಿದರು.

"ಪೆಡಲ್ ಅಮರಚಿಂತದಾಗs ಗಟ್ಟಿ ಆಗಿತ್ತು" ಅಂದರು. "ಕಲ್ಲು ತುಳಿದಂಗ. ಡ್ಯಾಮಿನ ಮ್ಯಾಲ ವಾಸನಿ ಬಂತಲ್ಲ, ನಮ್ಮದs ಅಂತ ನನಗ ಗೊತ್ತಿತ್ತು. ನೀ ಕಸ ಅಂದಿ. ಆಗಲಿ ಅಂತ ಸುಮ್ಮನಾದೆ."

"ಮತ್ಯಾಕ ನಿಲ್ಲಸ್ಲಿಲ್ಲ ಮಾಮ?"

"ಎರಡಕ್ಕ ಕೊಯ್ತೀನಂದಿದ್ದ."

ಮತ್ತೆ ವಾಷರ್ ಒತ್ತಿದರು.

"ಕಾಲು ಬಿದ್ದದ್ದು ಬರೋಬರಿ ಬಿದ್ದಿತ್ತೇನು? ನೀ ನೋಡ್ದಿಯೇನು?"

"ಆರು ಸಲ ತುಳಿದ್ರಿ. ಆರೂ ಸಲ ಪೆಡಲ್ ಮ್ಯಾಲನs ಬಿತ್ತು. ಸದ್ದು ಕೇಳೀನಿ."

"ಆರು" ಎಂದರು. ವಾಷರನ್ನು ಹಾಸಿಗೆಯ ಮೇಲಿಟ್ಟರು. ಆಮೇಲೆ, ಬಯ್ಯುತ್ತಾರೆಂದು ನಾನು ಕಾಯುತ್ತಿರುವಾಗ, ಅವರು ದನಿ ಎತ್ತದೆ ಹೇಳಿದರು: "ನನಗ ಹೇಳಿದ್ರ ಏನು ಬಂತು ಮುನ್ಷಿ. ಅಡ್ಡಾದಾಗ ಹೋಗಿ ಹೇಳು. ಎಲ್ಲಾರೂ ಇದ್ದಾಗ. ಓದಿದ್ದೆ ಅನ್ನೋದೂ ಹೇಳು. ಪೊಲೀಸರಿಗೂ ಬರೆದು ಕೊಡು."

ಬಯಾನಿಗೆ ಇನ್ನೊಂದು ಹಾಳೆ ಬರೆದು ಧರೂರಿನ ಠಾಣೆಗೆ ಕೊಟ್ಟು ಬಂದೆ. ತೆಗೆದುಕೊಂಡವನು ಮೇಲಿಂದ ಕೆಳಗೆ ನೋಡಿ, "ಇದನ್ನ ಯಾರು ಕೇಳಿದ್ರು?" ಅಂದ. ಅಡ್ಡಾಕ್ಕೆ ಹೋಗುವುದು ಅದಕ್ಕಿಂತ ಕಷ್ಟವಾಗಿತ್ತು. ಬೆಳಿಗ್ಗೆ ಏಳು ಗಂಟೆ. ಚಹಾ ಅಂಗಡಿಯ ಮುಂದೆ ಎಂಟು ಜನ ಇದ್ದರು. ನಾನು ನಿಂತು ಹೇಳಿದೆ. ಬಾಟಲಿ ತೋರಿಸಿದೆ. ಚಹಾದವನು ಸ್ಟವ್ ಸಣ್ಣ ಮಾಡಿದ. ಮುಗಿದ ಮೇಲೆ ಒಬ್ಬ, "ಓದಿದ್ರಿ?" ಎಂದು ಕೇಳಿದ. "ಓದಿದ್ದೆ" ಅಂದೆ. ಅವನು ಲೋಟ ಕೆಳಗಿಟ್ಟು ಎದ್ದು ಹೋದ. ಇನ್ನೊಬ್ಬ ಹಳೆಯ ಟೆಂಪೋದವನು ಬಾಟಲಿ ಇಸಿದುಕೊಂಡು ಚಿತ್ರ ನೋಡಿದ. "ನಾ ನಿನ್ನೆನs ಹಾಕೀನಿ" ಎಂದು ತನ್ನ ಗಾಡಿಯ ಕಡೆ ಓಡಿದ. ಉಳಿದವರಲ್ಲಿ ಹಿರಿಯನೊಬ್ಬ ಮಾತ್ರ ನನ್ನ ಮುಖ ನೋಡದೆ, "ಹಂಗಾದ್ರ ಅವನ ಕಾಲು ತಪ್ಪಿಲ್ಲ" ಎಂದ. ಯಾರೂ ನನಗೆ ಕೂತುಕೊಳ್ಳಲು ಹೇಳಲಿಲ್ಲ. ಹೇಳಬಾರದಿತ್ತು ಕೂಡ.

ಸಂಜೆ ಮಾಮ ಕಾಯುತ್ತಿದ್ದರು. ದಿಂಬಿಗೆ ಒರಗಿ ಕೂತಿದ್ದರು.

"ಏನಂದ್ರು?"

ಹೇಳಿದೆ.

"ಯಾರ್‍ಯಾರು ಇದ್ರು?"

ಎಂಟು ಜನರ ಹೆಸರನ್ನೂ ಹೇಳಿದೆ. ಅವರು ಒಂದೊಂದು ಹೆಸರಿಗೂ ಬೆರಳು ಮಡಿಚಿದರು. ಕೊನೆಯ ಹೆಸರಾದ ಮೇಲೆ ಮಡಿಚಿದ ಬೆರಳುಗಳನ್ನು ನೋಡುತ್ತ ಕೂತರು.

"ಮೀಸ್ಯಾಂವ ಇರಲಿಲ್ಲೇನು?"

"ಇಲ್ಲ ಮಾಮ. ಲೋಡ್ ತಗೊಂಡು ರಾಯಚೂರಿಗೆ ಹೋಗ್ಯಾನಂತ."

"ಯಾವಾಗ ಬರ್ತಾನ?"

"ನಾಡದು."

"ನಾಡದು ಮತ್ತ ಹೋಗು" ಎಂದರು.

ಹೋದೆ.